ಮೀರಿಸುವ ಮಾತುಗಳೂ ಶಿರಹಟ್ಟಿಯ ಧೂಳಪ್ಪನೂ

ಹೊಸದಾಗಿ ಶಾಲೆಯ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಬೆಟಗೇರಿಯ ನಮ್ಮ ಮನೆಗೆ ಬಂದು, “ಅಕ್ಕೋರ, ಕ್ಲಾಸಿನ್ಯಾಗ ಹೆಂಗ ನಡಕೋಬೇಕ್ರಿ?” ಎಂದು ಕೇಳುತ್ತಾರೆ. ಕಲಿಸುವ ಬಗೆಯನ್ನು ತರಬೇತಿ ಕಾಲೇಜಿನವರು ಹೇಳಿಕೊಟ್ಟಿರುತ್ತಾರೆ. ಅವರು ಹೇಳಿಕೊಡದ ಸಂಗತಿಯೊಂದಿದೆ. ಈ ಕೆಲಸದಲ್ಲಿ ಅರ್ಧ ಹೊತ್ತು ಸಂಶಯಪಡುವುದರಲ್ಲೇ ಹೋಗುತ್ತದೆ.

ಹೊಟ್ಟೆನೋವು ಎಂದವಳಿಗೆ ನಿಜವಾಗಿ ಹೊಟ್ಟೆ ನೋಯುತ್ತಿದೆಯೋ, ಲೆಕ್ಕದ ಪಾಠ ನೋಯುತ್ತಿದೆಯೋ? ತಿಳಿಯಿತೇ ಎಂದಾಗ ಗೋಣು ಹಾಕಿದವಳಿಗೆ ತಿಳಿದಿದೆಯೋ, ಜಲ್ದಿ ಬಿಡಲಿ ಎಂದು ಗೋಣು ಹಾಕಿದಳೋ? ಪರೀಕ್ಷೆಯ ದಿನ ಸೆರಗಿನ ತುದಿ ಹೊರಳಿಸಿ ನೋಡಬೇಕು, ಅಂಗೈ ನೋಡಬೇಕು. ನಾವು ಮಕ್ಕಳನ್ನು ನೋಡುತ್ತಿರುವಾಗ ನಮ್ಮ ಮುಖ್ಯೋಪಾಧ್ಯಾಯಿನಿ, ಹಿರಿಯ ಬಾಯಾರು, ಬಾಗಿಲ ಸಂದಿಯಿಂದ ನಮ್ಮನ್ನು ನೋಡುತ್ತಿದ್ದರು. ಹಲಗೆಗೆ ಬರೆಯುವ ಖಡು ಎಷ್ಟು ಸವೆಯಿತು, ಗಂಟೆಗೆ ಮೊದಲೇ ಬುತ್ತಿ ಬಿಚ್ಚಿದೆವೋ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ನನ್ನ ಬುತ್ತಿಯಲ್ಲಿ ಶೇಂಗಾ ಹಿಂಡಿ ಇರುತ್ತಿದ್ದದ್ದರಿಂದ ವಾಸನೆ ಮುಚ್ಚಿಡುವುದು ಕಷ್ಟ. ಬಾಯಾರನ್ನು ಮೇಲಿನ ಸಾಹೇಬರು ಸಂಶಯದಿಂದ ನೋಡುತ್ತಿದ್ದರು. ಸಾಹೇಬರನ್ನು ಯಾರು ನೋಡುತ್ತಿದ್ದರೋ, ಅಷ್ಟು ಮೇಲಕ್ಕೆ ನಾನು ಹೋಗಲಿಲ್ಲ.

ನಾನು ಗದಗಿನ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಯಾವಾಗ ಯಾವ ಹುದ್ದೆ ಏರಿದೆ ಎಂಬುದನ್ನು ಬಿಡುತ್ತೇನೆ, ಅದರಿಂದ ನಿಮಗೆ ಉಪಯೋಗವಿಲ್ಲ. ಉಪಯೋಗಕ್ಕೆ ಬರಬಹುದಾದದ್ದು, ಒಬ್ಬರನ್ನೊಬ್ಬರು ಮೀರಿಸುವ ಮಾತುಗಳನ್ನು ಕಲಿಸಹೋಗಿ ನಾನು ಏನೇನು ಕಂಡೆ ಎಂಬುದು.

ಇಂಗ್ಲಿಷಿನಲ್ಲಿ ಇಂಥ ಮಾತುಗಳ ಒಂದು ದೊಡ್ಡ ಮನೆತನವೇ ಇದೆ. ನಾವು ‘ಮೀರಿಸಿದಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಅವರು ಹತ್ತಾರು ಮಾತು ಇಟ್ಟುಕೊಂಡಿದ್ದಾರೆ. ಎಕ್ಸೆಲ್ ಎಂದರೆ ಎತ್ತರಕ್ಕೆ ಏರುವುದು. ಅದು ಇದ್ದುದರಲ್ಲಿ ಸಭ್ಯ ಮಾತು, ತನ್ನ ಪಾಡಿಗೆ ತಾನು ಏರುತ್ತದೆ. ಸರ್‌ಪಾಸ್ ಎಂದರೆ ಮುಂದೆ ಹೋಗುತ್ತಿದ್ದವರನ್ನು ದಾಟುವುದು. ಔಟ್‌ಡೂ ಎಂದರೆ ಆಕೆ ಮಾಡಿದ್ದಕ್ಕಿಂತ ಒಂದು ಕೈ ಹೆಚ್ಚು ಮಾಡಿ ತೋರಿಸುವುದು. ಔಟ್‌ಸ್ಟ್ರಿಪ್ ಓಟದ ಮಾತು, ಹಿಂದಿಕ್ಕುವುದು. ಔಟ್‌ಶೈನ್ ದೀಪದ ಮಾತು, ಪಕ್ಕದ್ದು ಮಂಕಾಗುವಂತೆ ಬೆಳಗುವುದು. ಔಟ್‌ವಿಟ್ ಎಂದರೆ ಯುಕ್ತಿಯಿಂದ ಗೆಲ್ಲುವುದು. ಎಕ್ಲಿಪ್ಸ್ ಇನ್ನೂ ಕಠೋರ, ಅದು ಗ್ರಹಣ. ಹಿಂದೆ ಇದ್ದವರು ಕಾಣಿಸುವುದೇ ಇಲ್ಲ. ಓವರ್‌ರೀಚ್ ಎಲ್ಲಕ್ಕಿಂತ ಕೊನೆಯದು. ನಿಲುಕದ್ದಕ್ಕೆ ಕೈ ಚಾಚಿ ತಾನೇ ಬೀಳುವುದು.

ಬಿಡಿಸಿ ಹೇಳುತ್ತ ಹೋದಂತೆ ನನಗೆ ಈ ಮಾತುಗಳ ಮೇಲೇ ಸಂಶಯ ಬಂತು. ಎಕ್ಸೆಲ್, ಓವರ್‌ರೀಚ್ ಎರಡನ್ನು ಬಿಟ್ಟರೆ ಉಳಿದ ಯಾವುದೂ ಒಬ್ಬರೇ ಇದ್ದಾಗ ನಡೆಯುವುದಿಲ್ಲ. ಮೇಲೆ ಒಬ್ಬರು ನಿಲ್ಲಬೇಕಾದರೆ ಕೆಳಗೆ ಇನ್ನೊಬ್ಬರು ಬೇಕೇ ಬೇಕು.

ಮೊದಲ ವರ್ಷಗಳಲ್ಲಿ ನಾನು ಆ ಕೆಳಗಿನವರನ್ನು ಕ್ಲಾಸಿನಲ್ಲೇ ಹುಡುಕುತ್ತಿದ್ದೆ. ಆಗಿನ ಪದ್ಧತಿಯೇ ಹಾಗೆ: ಕಣ್ಣೆದುರಿನ ಉದಾಹರಣೆ ಕೊಡಬೇಕು. ಬೆಟಗೇರಿಯ ನೇಕಾರರ ಮನೆಯ ಇಬ್ಬರು ಹುಡುಗಿಯರಿದ್ದರು, ಲೀಲಾ ಮತ್ತು ರುಕ್ಮಿಣಿ. ಒಂದೇ ಡಬ್ಬಿಯಲ್ಲಿ ರೊಟ್ಟಿ ತರುತ್ತಿದ್ದರು. ಇಬ್ಬರ ಕಸೂತಿ ಬಟ್ಟೆಯನ್ನೂ ಎತ್ತಿ ಹಿಡಿದು, ಲೀಲಾಳ ಕೆಲಸ ರುಕ್ಮಿಣಿಯದನ್ನು ಔಟ್‌ಶೈನ್ ಮಾಡುತ್ತದೆ ಎಂದು ಹೇಳಿಕೊಟ್ಟೆ. ಪಾಠ ಎಲ್ಲರಿಗೂ ತಿಳಿಯಿತು. ಮರುದಿನ ಡಬ್ಬಿಗಳು ಎರಡಾದವು. ಆ ವಾರದೊಳಗೆ ಲೀಲಾಳ ಕಸೂತಿಯ ಮೇಲೆ ಮಸಿ ಚೆಲ್ಲಿತ್ತು.

ಎಲ್ಲರ ಕೈ ಮುಂದೆ ಚಾಚಿಸಿ ನೋಡಿದೆ. ಮಸಿ ಎಲ್ಲರ ಬೆರಳಿಗೂ ಇತ್ತು. ರುಕ್ಮಿಣಿ ಅತ್ತಳು, ಆಣೆ ಮಾಡಿದಳು. ಮಸಿ ಚೆಲ್ಲಿದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹಿರಿಯ ಬಾಯಾರು ನನ್ನನ್ನು ಕರೆದು, “ಕಡ್ಡಿ ಗೀರಿದಾಕಿ ನೀವು. ಈಗ ಹೊಗಿ ಎಲ್ಲಿಂದ ಬಂತು ಅಂತ ಎಲ್ಲಾರ ಕೈ ಮೂಸಿ ನೋಡಾಕ ಹತ್ತೀರಲ್ಲ,” ಎಂದರು.

ಅಂದಿನಿಂದ ಉದಾಹರಣೆಗೆ ಪುಸ್ತಕದ ರಾಜರನ್ನು ತಂದೆ. ಯಾವ ರಾಜ ಯಾವ ರಾಜನನ್ನು ಮೀರಿಸಿದ ಎಂಬುದು ಯಾರಿಗೂ ಬೇಕಿರಲಿಲ್ಲ. ಕ್ಲಾಸು ಆಕಳಿಸುತ್ತಿತ್ತು.

ಸ್ವಾತಂತ್ರ್ಯ ಬಂದು ಸಂಸ್ಥಾನಗಳು ವಿಲೀನವಾದ ದಿನಗಳು ಅವು. ಗದಗ, ಮುಂಡರಗಿ ನಾವು ಮೊದಲಿನಿಂದ ಮುಂಬಯಿ ಸರಕಾರದವರು. ಶಿರಹಟ್ಟಿ, ಲಕ್ಷ್ಮೇಶ್ವರ ಸಂಸ್ಥಾನದ ಊರುಗಳಾಗಿದ್ದು ಹೊಸದಾಗಿ ನಮ್ಮೊಳಗೆ ಸೇರಿದ್ದವು. ಕನ್ನಡದವರೆಲ್ಲ ಒಂದಾಗಬೇಕೆಂದು ಸಂಜೆ ಸಭೆಗಳಲ್ಲಿ ಚಪ್ಪಾಳೆ ತಟ್ಟುತ್ತಿದ್ದೆವು. ಮುಂಜಾನೆ ಕಚೇರಿಯಲ್ಲಿ ಮಾತ್ರ, “ಸಂಸ್ಥಾನದ ಸಾಲಿ ಅಂದ್ರ ಗೊತ್ತೈತಲ್ರಿ,” ಎನ್ನುತ್ತಿದ್ದರು. ಆ ಕಡೆಯವರು, “ಗದಗಿನವ್ರಿಗೆ ಸೊಕ್ಕು,” ಎನ್ನುತ್ತಿದ್ದರಂತೆ. ಮುಂಡರಗಿಯ ಆಚೆ, ವಿಲೀನಕ್ಕೆ ಒಪ್ಪದ ಸಂಸ್ಥಾನದ ಗಡಿಯಲ್ಲಿ ಎದ್ದಿದ್ದ ಗದ್ದಲ ಮುಗಿದು ಬಹಳ ಕಾಲವಾಗಿರಲಿಲ್ಲ. ಹೊಸ ಮುಖ ಕಂಡರೆ ನಿಲ್ಲಿಸಿ ಹೆಸರು ಕೇಳುವ ರೂಢಿ ಎಲ್ಲರಿಗೂ ಉಳಿದುಬಿಟ್ಟಿತ್ತು.

ಆಗ ಗದಗಿನ ದಾನಿಯೊಬ್ಬರು ಹಳ್ಳಿಯ ಹುಡುಗಿಯರಿಗಾಗಿ ಒಂದು ವಸತಿಗೃಹ ತೆರೆದರು. ಆ ವರ್ಷ ಊಟ, ವಸತಿ ಪುಕ್ಕಟೆಯಾದ ಜಾಗಗಳು ಎರಡೇ. ಇಂಗ್ಲಿಷ್ ಪರೀಕ್ಷೆಯಲ್ಲಿ ಮೇಲೆ ಬಂದ ಇಬ್ಬರಿಗೆ ಜಾಗ, ನಮ್ಮ ಶಾಲೆಯಲ್ಲಿ ಮುಂದಿನ ಓದು. ಪ್ರಶ್ನೆ ತೆಗೆಯುವ ಕೆಲಸ ನನಗೆ ಬಂತು. ತೆಗೆದು, ಕಪಾಟಿನಲ್ಲಿಟ್ಟು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಪರೀಕ್ಷೆಯ ದಿನ ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ, ಹುಲಕೋಟಿಯಿಂದ ಹುಡುಗಿಯರು ಬಂದರು. ಶಿರಹಟ್ಟಿಯಿಂದ ಇಬ್ಬರು: ಫಕೀರವ್ವ ಮತ್ತು ಶಾಂತವ್ವ. ಶಾಂತವ್ವನ ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನೀರು ಕೊಡಹೋದಾಗ ನನ್ನ ಕೈ ಹಿಡಿದುಕೊಂಡಳು.

“ಅಕ್ಕೋರ, ಯಳವತ್ತಿಯಿಂದ ಗಂಡಿನವ್ರು ಬಂದು ನೋಡಿ ಹೋಗ್ಯಾರ. ಇಲ್ಲಿ ಜಾಗಾ ಸಿಕ್ರ ಓದ್ಲಿ, ಇಲ್ಲಂದ್ರ ಮದಿವಿ ಮಾಡೂದಂತ ಅವರಪ್ಪ ಹೇಳಿಬಿಟ್ಟಾನ. ಫಕೀರವ್ವಂದೂ ಹಂಗ. ಇವರಿಬ್ಬರು ಕಲಿತ ಕ್ಲಾಸಿನ ಮ್ಯಾಲ ನಮ್ಮೂರಾಗ ಹುಡಿಗ್ಯಾರಿಗೆ ಸಾಲಿ ಇಲ್ಲರಿ.”

“ನಾ ಏನೂ ಮಾಡಾಕ ಬರೂದಿಲ್ಲವಾ. ಬರದಿದ್ದು ನೋಡಿ ಮಾರ್ಕ್ ಹಾಕೂದು,” ಎಂದೆ. ಕೈ ಬಿಡಿಸಿಕೊಂಡೆ. ಈಕೆ ನನ್ನ ಮನಸ್ಸು ಮೆತ್ತಗೆ ಮಾಡಲು ಬಂದಿದ್ದಾಳೋ ಎಂಬ ಸಂಶಯ ಆಗಲೂ ಇತ್ತು.

ಇಬ್ಬರನ್ನೂ ಕೋಣೆಯ ಎರಡು ಮೂಲೆಗೆ ಕೂಡ್ರಿಸಿದ್ದೆ. ನಾನೇ ಕಾವಲಿದ್ದೆ. ಒಬ್ಬಳು ಇನ್ನೊಬ್ಬಳ ಕಡೆ ಕತ್ತೆತ್ತಿಯೂ ನೋಡಲಿಲ್ಲ.

ಮನೆಗೆ ತಂದು ಪೇಪರು ತಿದ್ದಲು ಕೂತಾಗ ನನ್ನ ಕೈ ನಿಂತಿತು. ಒಂದು ಪ್ರಶ್ನೆಯಲ್ಲಿ ಮೀರಿಸುವ ಐದು ಮಾತು ಕೊಟ್ಟು ವಾಕ್ಯ ಮಾಡಿರೆಂದು ಕೇಳಿದ್ದೆ. ಉಳಿದ ಹುಡುಗಿಯರು ಒಂದೋ ಎರಡೋ ಬರೆದು ಬಿಟ್ಟಿದ್ದರು. ಶಿರಹಟ್ಟಿಯ ಇಬ್ಬರೂ ಐದನ್ನೂ ಬರೆದಿದ್ದರು. ಅಷ್ಟೇ ಅಲ್ಲ, ಒಂದೇ ಕ್ರಮದಲ್ಲಿ, ಒಂದೇ ವಾಕ್ಯ, ಅಕ್ಷರಕ್ಕೆ ಅಕ್ಷರ. ಅದರ ಮೇಲೆ ನಾನು ಕೇಳದ ಇನ್ನೂ ಮೂರು ಮಾತಿಗೂ ವಾಕ್ಯ ಬರೆದಿದ್ದರು, ಅವೂ ಒಂದೇ. ಎಲ್ಲದರಲ್ಲೂ ಒಬ್ಬನೇ ನಾಯಕ: ಧೂಳಪ್ಪ.

ಧೂಳಪ್ಪ ಹಾರುವುದರಲ್ಲಿ ಎಕ್ಸೆಲ್ ಆಗುತ್ತಾನೆ. ಸೊರಟೂರಿನವರನ್ನೆಲ್ಲ ಸರ್‌ಪಾಸ್ ಮಾಡುತ್ತಾನೆ. ತನ್ನ ಅಣ್ಣನನ್ನು ಔಟ್‌ಡೂ ಮಾಡುತ್ತಾನೆ. ಹಬ್ಬದ ದಿನ ಊರನ್ನೇ ಔಟ್‌ಶೈನ್ ಮಾಡುತ್ತಾನೆ. ಓಟದಲ್ಲಿ ಸಿಪಾಯಿಯನ್ನು ಔಟ್‌ಸ್ಟ್ರಿಪ್ ಮಾಡಿದ. ಮಾಸ್ತರನ್ನು ಔಟ್‌ವಿಟ್ ಮಾಡಿದ. ಓವರ್‌ರೀಚ್ ಮಾಡಿ ಹಳ್ಳಕ್ಕೆ ಬಿದ್ದ. ಕೊನೆಯದಂತೂ ಅರ್ಥವೇ ಆಗಲಿಲ್ಲ: ಧೂಳಪ್ಪ ಶಾಲೆಯನ್ನು ಎಕ್ಲಿಪ್ಸ್ ಮಾಡುತ್ತಾನೆ.

ಎರಡು ಪೇಪರನ್ನೂ ಪಾಟೀಲ ಸಾಹೇಬರ ಮುಂದೆ ಇಡಬೇಕಾಯಿತು. ಅವರು ನಮ್ಮ ಭಾಗದ ಶಾಲೆಗಳ ತಪಾಸಣೆಯ ಅಧಿಕಾರಿ. ಕೋಟು ಹಾಕಿ ತಲೆಗೆ ರುಮಾಲು ಸುತ್ತಿದವರು. ಚಹಾ ಬಂದರೂ ಮೊದಲು ಮೂಸಿ ನೋಡುವ ಸ್ವಭಾವ. ಎರಡನ್ನೂ ಓದಿದರು, ನನ್ನ ಮುಖ ನೋಡಿದರು.

“ಪ್ರಶ್ನಿ ತಗದವ್ರು ಯಾರು?”

“ನಾನರಿ.”

“ಕೀಲಿಕೈ ಯಾರ ಕಡೆ ಇತ್ತು?”

“ನನ್ನ ಕಡೇನ ಇತ್ರಿ.”

“ಕಾವಲಿದ್ದವ್ರು?”

“ನಾನರಿ.”

“ಹಂಗಾದ್ರ ಈ ಧೂಳಪ್ಪ ಯಾರು ಅಂತ ನನಗಿಂತ ಮೊದಲ ನಿಮಗ ಗೊತ್ತಿರಬೇಕಲ್ರಿ ಅಕ್ಕೋರ?”

ಒಂದು ಮಾತು ಹೇಳಿದೆ: “ಸಾಹೇಬ್ರ, ಪ್ರಶ್ನಿ ಮೊದಲ ಸಿಕ್ಕಿದ್ರ ಕೇಳಿದ್ದಷ್ಟ ಬರೀತಿದ್ರು. ಇವರು ಕೇಳಲಾರದ್ದೂ ಬರದಾರ. ಕದ್ದವ್ರು ಹಿಂಗ ಮಾಡೂದಿಲ್ಲ.”

“ಶ್ಯಾಣ್ಯಾ ಕಳ್ಳ ಹಂಗ ಮಾಡ್ತಾನ,” ಎಂದರು ಸಾಹೇಬರು. “ಇವನ ಚರಿತ್ರಾ ನೋಡ್ರಿಲ್ಲೆ. ಸಿಪಾಯಿ ಕೈಗೆ ಸಿಕ್ಕಿಲ್ಲ. ಮಾಸ್ತರಗ ಟೊಪಗಿ ಹಾಕ್ಯಾನ. ಸೊರಟೂರತನಾ ಹೆಸರು ಮಾಡ್ಯಾನ. ಸಾಲಿಗೇ ಗ್ರಹಣ ಹಿಡಿಸ್ಯಾನ ಅಂತ ಮಕ್ಕಳ ಬರದಾವು. ಇಂಥಾವ ಪೇಪರ್ ಹೊರಗ ತಗೀಲಾರದ ಬಿಡ್ತಾನೇನು? ನಾಳೆ ಮುಂಜಾನೆ ಮೋಟಾರ್ ಸ್ಟ್ಯಾಂಡಿಗೆ ಬರ್ರಿ. ಎಲ್ಲಿಗೆ ಅಂತ ಅಲ್ಲೇ ಹೇಳ್ತೇನಿ.”

ಎಲ್ಲಿಗೆ ಎಂಬುದು ಗೊತ್ತಿತ್ತು. ಮೊದಲೇ ಹೇಳಿದರೆ ನಾನು ಸುದ್ದಿ ಮುಟ್ಟಿಸಿಯೇನೆಂಬ ಭಯ ಅವರದು. ಆ ರಾತ್ರಿ ಅಡಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡಿದೆ. ಪರರ ಸಂಶಯದ ಕಣ್ಣು ಬಿದ್ದರೆ ಮನುಷ್ಯನಿಗೆ ತನ್ನ ಕೈಮೇಲೂ ನಂಬಿಕೆ ಇರುವುದಿಲ್ಲ.

ಮರುದಿನ ಸಾಹೇಬರು ಮೋಟಾರಿನ ಮುಂದಿನ ಸೀಟಿನಲ್ಲಿ, ನಾನು ಹಿಂದೆ ಹೆಂಗಸರ ನಡುವೆ. ಸೊರಟೂರಿನ ಹತ್ತಿರ ಇಂಜಿನ್ನು ಕಾದು ಗಾಡಿ ನಿಂತಿತು. ಡ್ರೈವರು ನೀರು ತರಲು ಹೋದ. ಅಷ್ಟರಲ್ಲಿ ಸೈಕಲ್ಲಿನವನೊಬ್ಬ ನಿಂತು, ಸಾಹೇಬರ ಕೋಟು ರುಮಾಲುಗಳನ್ನು ಮೇಲಿಂದ ಕೆಳಗೆ ನೋಡಿ, ಶಿರಹಟ್ಟಿಯ ಕಡೆ ಜೋರಾಗಿ ತುಳಿದುಕೊಂಡು ಹೋದ.

“ಯಾರ್ರಿ ಅವ?” ಸಾಹೇಬರು ತಟ್ಟನೆ ತಿರುಗಿದರು.

“ನನಗೇನು ಗೊತ್ರಿ?”

“ಹೂಂ,” ಎಂದರು. ಆ ಹೂಂಕಾರದಲ್ಲಿ ನಾನೂ ಇದ್ದೆ, ಸೈಕಲ್ಲಿನವನೂ ಇದ್ದ.

ಶಿರಹಟ್ಟಿಯಲ್ಲಿ ಇಳಿದವರೇ ಸಾಹೇಬರು ಶಾಲೆಗೆ ಹೋಗದೆ ಒಂದು ಚಹಾದ ಅಂಗಡಿಗೆ ಹೋದರು. ಮೊದಲು ಊರಿನ ಬಾಯಿ ಬಿಡಿಸಬೇಕೆಂಬುದು ಅವರ ಪದ್ಧತಿ.

“ಇಲ್ಲೆ ಧೂಳಪ್ಪ ಅಂತ ಇರ್ತಾನಂತಲ್ಲ?”

ಅಂಗಡಿಯವನ ಮುಖ ಅರಳಿತು. “ಯಾಕ್ರಿ, ಯಾರಿಗರೆ ಗುದ್ದಿದನೇನು?”

ಸಾಹೇಬರು ನನ್ನ ಕಡೆ ನೋಡಿ ತಲೆಯಾಡಿಸಿದರು. “ಬಾಳ ಮಂದಿಗೆ ಗುದ್ಯಾನೇನು?”

“ಗುದ್ದಲಾರದ ಇರ್ತಾನ್ರಿ? ಪೋಸ್ಟಿನವ ಆ ಓಣಿಗೆ ಹೋಗೂದ…” ಎನ್ನುತ್ತಿದ್ದವನ ಕಣ್ಣು ಕೋಟಿನ ಗುಂಡಿಗಳ ಮೇಲೆ ಬಿತ್ತು. ಬಟ್ಟಲು ತೊಳೆಯಲು ತಿರುಗಿಕೊಂಡ. “ನಮಗೇನೂ ಗೊತ್ತಿಲ್ರೀಯಪ್ಪ. ನಮ್ಮೂರಾಗ ಹಂಗ ಅನ್ನಾವ್ರ ಇಲ್ಲ.”

ಶಾಲೆ ಒಂದೇ ದೊಡ್ಡ ಕೋಣೆ. ಒಂದೇ ಬಾಗಿಲು, ಎತ್ತರದಲ್ಲಿ ಸಣ್ಣ ಬೆಳಕಿಂಡಿ. ಚನ್ನಪ್ಪ ಮಾಸ್ತರು ಬಾಗಿಲಲ್ಲೇ ಕೈ ಮುಗಿದು ನಿಂತಿದ್ದರು. ಸಂಸ್ಥಾನದ ಕಾಲದಿಂದ ಇದ್ದವರು, ತರಬೇತಿ ಆಗಿರಲಿಲ್ಲ. ಹೊಸ ಸರಕಾರ ತಮ್ಮನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ ಎಂಬ ಚಿಂತೆ ಅಂಥವರಿಗೆಲ್ಲ ಇತ್ತು. ಮಕ್ಕಳು ಕೈ ಕಟ್ಟಿ ಕೂತಿದ್ದರು. ಅಂಗಳ ಆಗಷ್ಟೇ ಗುಡಿಸಿದ ಹಾಗಿತ್ತು, ಒಂದು ಗೂಟದ ಸುತ್ತ ಮಾತ್ರ ನೆಲ ತುಳಿದು ನುಣ್ಣಗಾಗಿತ್ತು. ಸೈಕಲ್ಲಿನವನು ನಮಗಿಂತ ಮೊದಲು ಮುಟ್ಟಿದ್ದನೆಂಬುದು ನನಗೆ ತಿಳಿಯಿತು.

“ಮಾಸ್ತರ, ಧೂಳಪ್ಪ ಯಾರು?”

“ಆ ಹೆಸರಿನವ್ರು ಸುತ್ತ ಹಳ್ಳ್ಯಾಗ ರಗಡ ಇರ್ತಾರ್ರಿ.”

“ನಿಮ್ಮ ಸಾಲ್ಯಾಗ?”

“ಹಾಜರಿಯೊಳಗ ಇಲ್ರಿ.”

“ಸಾಲಿಗೆ ಬರ್ತಾನೋ ಇಲ್ಲೋ?”

“ಬರಬಾರದು ಅಂತ ಹೇಳೇವ್ರಿ.”

ನಾನು ಆ ಮಾಸ್ತರನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವರು ಎದುರಿನವರ ಕಣ್ಣು ತಪ್ಪಿಸುತ್ತಾರೆ. ಇವರು ಸಾಹೇಬರ ಕಣ್ಣು ತಪ್ಪಿಸಲಿಲ್ಲ, ಬಾಗಿಲ ಕಡೆ ಮತ್ತೆ ಮತ್ತೆ ನೋಡುತ್ತಿದ್ದರು. ಏನನ್ನೋ ಮುಚ್ಚಿದ್ದಾರೆಂಬುದು ಖಂಡಿತ. ಮೊದಲ ಸಲ ನನಗೂ ಅನ್ನಿಸಿತು, ಸಾಹೇಬರ ಮಾತೇ ಖರೆ ಇದ್ದೀತು.

ಸಾಹೇಬರು ಫಕೀರವ್ವ, ಶಾಂತವ್ವರನ್ನು ಎದ್ದು ನಿಲ್ಲಿಸಿದರು. “ಪೇಪರ್ ಕೊಟ್ಟಾವ ಧೂಳಪ್ಪ, ಹೌದಿಲ್ಲೋ? ಅವ ಎಲ್ಲಿ ಅದಾನ ಹೇಳ್ರಿ. ಹೇಳಿದ್ರ ಸರಿ. ಇಲ್ಲಂದ್ರ ಇಬ್ಬರ ಹೆಸರೂ ಹೊಡದ ಹಾಕ್ತೇನಿ. ಗದಗೂ ಇಲ್ಲ, ಸಾಲೀನೂ ಇಲ್ಲ.”

ಶಾಂತವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಫಕೀರವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಹೊಲಿದ ಹಾಗೆ. ಮಾಸ್ತರು, “ಹೇಳವಾ ಫಕೀರಾ, ನನ್ನ ಸಲುವಾಗಿ ನೀ ಯಾಕ…” ಎಂದು ಶುರುಮಾಡಿದರು.

ಅಷ್ಟರಲ್ಲಿ ಕೋಣೆ ಕತ್ತಲಾಯಿತು.

ಮೋಡ ಬಂತೆಂದುಕೊಂಡೆ. ಆ ಕ್ಷಣವೇ ಇಡೀ ಕ್ಲಾಸು, ಚಿಕ್ಕದು ದೊಡ್ಡದು ಎನ್ನದೆ, ಸಂಜೆ ಮಗ್ಗಿ ಹೇಳುವ ರಾಗದಲ್ಲಿ ಒಕ್ಕೊರಲಿನಿಂದ ಕೂಗಿತು: “ಎಕ್ಲಿಪ್ಸ್! ಧೂಳಪ್ಪ ಎಕ್ಲಿಪ್ಸಸ್ ದ ಸ್ಕೂಲ್!”

ಕೂಗಿದ ಮೇಲೆ ತಾವೇ ಹೆದರಿ ಬಾಯಿ ಮುಚ್ಚಿಕೊಂಡರು.

ಬಾಗಿಲ ತುಂಬ ಒಂದು ಟಗರು ನಿಂತಿತ್ತು. ಕೊಂಬು ಎರಡು ಸುತ್ತು ಸುತ್ತಿ ಕಿವಿಯ ಕೆಳಗೆ ಬಂದಿದ್ದವು. ಕೊರಳಲ್ಲಿ ಕಡಿದ ಹಗ್ಗ, ಬಾಯಲ್ಲಿ ಯಾರದೋ ಗೋಣಿಚೀಲದ ತುಂಡು. ಅಗಿಯುತ್ತ ಒಳಗೆ ಬಂದು, ತನ್ನ ನಿತ್ಯದ ಜಾಗದಲ್ಲಿ ಕುರ್ಚಿ ಇದ್ದುದನ್ನು ಕಂಡು ನಿಂತಿತು. ಕುರ್ಚಿಯಲ್ಲಿದ್ದ ಪಾಟೀಲ ಸಾಹೇಬರು ಅಷ್ಟರಲ್ಲಿ ಕರಿಹಲಗೆಯ ಹಿಂದೆ ಸರಿದಿದ್ದರು.

“ನಮ್ಮಜ್ಜನ ಟಗರರಿ,” ಎಂದಳು ಫಕೀರವ್ವ, ಬಿಕ್ಕುತ್ತ. “ಇವನ ಧೂಳಪ್ಪ. ನಮ್ಮ ಮಾಸ್ತರಿಗೆ ಏನೂ ಮಾಡಬ್ಯಾಡ್ರಿ.”

ಆಮೇಲೆ ಎಲ್ಲವೂ ಒಂದೊಂದಾಗಿ ಹೊರಬಿತ್ತು. ಶಾಲೆಯ ಆವಾರದಲ್ಲಿ ದನಕರು ಇರಕೂಡದೆಂದು ಹೊಸದಾಗಿ ಹುಕುಂ ಬಂದಿತ್ತು. ಸಾಹೇಬರು ಅದಕ್ಕೇ ಬಂದಿದ್ದಾರೆಂದು ತಿಳಿದು ಮಾಸ್ತರು ಅಂಗಳದ ಗೂಟಕ್ಕಿದ್ದ ಟಗರನ್ನು ಅವಸರದಲ್ಲಿ ಫಕೀರವ್ವನ ಅಜ್ಜನ ಹಿತ್ತಲಿಗೆ ಕಳಿಸಿದ್ದರು. ಅದರ ಹೆಸರು ಎತ್ತಬಾರದೆಂದು ಮಕ್ಕಳಿಗೂ ಹೇಳಿದ್ದರು. ನೌಕರಿ ಹೋದೀತೆಂಬ ಭಯ. ಆ ಭಯದಿಂದ ಹುಡುಗಿಯರ ಜಾಗವೇ ಹೋಗುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ.

ಆ ಶಾಲೆಯಲ್ಲಿ ಸಂಜೆ ಮಗ್ಗಿಯ ಬೆನ್ನಿಗೆ ಇಂಗ್ಲಿಷ್ ಮಾತುಗಳನ್ನೂ ರಾಗವಾಗಿ ಹೇಳಿಸುವುದು ರೂಢಿ. ಒಬ್ಬಳು ಮುಂದೆ ಹೇಳುವುದು, ಉಳಿದವರು ಹಿಂದೆ. ಆದದ್ದರಿಂದಲೇ ಐದು ಕೇಳಿದರೆ ಎಂಟು ಬಂದಿದ್ದವು. ಮಗ್ಗಿ ಹೇಳುವ ಮಗು ಅರ್ಧಕ್ಕೆ ನಿಲ್ಲಿಸುವುದು ಎಲ್ಲಿಯಾದರೂ ಉಂಟೇ? ಮಾತಿಗೊಂದು ಸಂಗತಿಯೂ ಇತ್ತು. ಕಾಳಗದಲ್ಲಿ ಸೊರಟೂರಿನ ಟಗರುಗಳನ್ನೆಲ್ಲ ಸೋಲಿಸಿದ್ದು, ಹಬ್ಬಕ್ಕೆ ಕೊಂಬಿಗೆ ಎಣ್ಣೆ ಹಚ್ಚಿ ಬಣ್ಣ ಬಳಿದದ್ದು, ಶಾಲೆಯ ಸಿಪಾಯಿ ಅಟ್ಟಿಸಿಕೊಂಡು ಹೋಗಿ ಏದುಸಿರು ಬಿಟ್ಟದ್ದು, ಮಾಸ್ತರ ರುಮಾಲು ತಿಂದದ್ದು. ಹಳ್ಳದ ದಂಡೆಯ ಬಳ್ಳಿಗೆ ಕತ್ತು ಚಾಚಿ ಚಾಚಿ ಬಿದ್ದದ್ದಂತೂ ಊರಿಗೇ ಗೊತ್ತಿತ್ತು.

“ಟಗರ ಯಾಕ್ರಿ ಮಾಸ್ತರ?” ಎಂದು ನಾನು ಕೇಳಿದೆ. “ಕ್ಲಾಸಿನ್ಯಾಗ ಮಕ್ಕಳ ಇರಲಿಲ್ಲೇನು?”

ಮಾಸ್ತರು ಧೂಳಪ್ಪನ ಕೊಂಬಿನ ಮೇಲೆ ಕೈ ಇಟ್ಟರು. “ಈ ಮಾತು ಕೆಟ್ಟವ್ರಿ ಅಕ್ಕೋರ. ಒಬ್ಬಾಕೀನ ಮ್ಯಾಲ ಇಡಬೇಕಂದ್ರ ಇನ್ನೊಬ್ಬಾಕೀನ ಕೆಳಗ ಇಡಬೇಕು. ಕೆಳಗ ಇಟ್ಟಾಕಿ ಸಂಜಿಗೆ ಮನಿಗೆ ಹೋಗಿ ಉಣ್ಣೂದಿಲ್ಲ. ಟಗರಿಗೆ ಸೋತ್ರ ಯಾರಿಗೆ ಹೊಟ್ಟಿಕಿಚ್ಚು ಬರ್ತೈತಿ ಹೇಳ್ರಿ?”

ನನಗೆ ಲೀಲಾಳ ಕಸೂತಿ ನೆನಪಾಯಿತು, ಎರಡಾದ ಡಬ್ಬಿಗಳು ನೆನಪಾದವು.

ಪಾಟೀಲ ಸಾಹೇಬರು ಹಲಗೆಯ ಹಿಂದಿನಿಂದ ಹೊರಬಂದು ರುಮಾಲು ಸರಿಮಾಡಿಕೊಂಡರು. ಅಷ್ಟಕ್ಕೇ ಬಿಡುವವರಲ್ಲ ಅವರು.

“ಪೇಪರ್ ಹೊರಗ ಹೋಗಿಲ್ಲ, ಒಪ್ಪಿದೆ. ಆದ್ರ ಇದು ಗಿಳಿಪಾಠ. ಮಗ್ಗಿ ಒದರಿದ್ರ ಇಂಗ್ಲಿಷ್ ಬಂದಂಗ ಆತೇನು? ರಾಗ ತಗದ್ರ ಒಳಗೇನೂ ಇಲ್ಲ ಅಂತ ನನಗ ಸಂಶೇ.” ಹುಡುಗಿಯರ ಕಡೆ ತಿರುಗಿದರು. “ನಿಮ್ಮಿಬ್ಬರೊಳಗ ಯಾರು ಯಾರನ್ನ ಸರ್‌ಪಾಸ್ ಮಾಡೀರಿ? ಮಗ್ಗ್ಯಾಗ ಇಲ್ಲದ ವಾಕ್ಯ, ಇಂಗ್ಲಿಷಿನ್ಯಾಗ ಹೇಳ್ರಿ. ಹೇಳಿದಾಕಿಗೆ ಜಾಗಾ. ಒಬ್ಬಾಕಿಗೆ ಮಾತ್ರ.”

ನನಗೆ ಸಿಟ್ಟು ಬಂತು. ಜಾಗ ಎರಡಿದ್ದವು, ಒಬ್ಬಾಕಿಗೆ ಎಂದು ಯಾರೂ ಹೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಎತ್ತಿ ತಡೆದರು.

ಶಾಂತವ್ವ ನೆಲ ನೋಡಿದಳು. ಯಳವತ್ತಿಯ ಗಂಡಿನ ಮನೆ ಅವಳಿಗೆ ಅಲ್ಲೇ ಕಂಡಿರಬೇಕು. ಫಕೀರವ್ವ ಅವಳನ್ನೊಮ್ಮೆ ನೋಡಿದಳು. ಸುಲಭದ ವಾಕ್ಯ ಅದು, ‘ನಾನು ಶಾಂತವ್ವನನ್ನು’ ಎಂದರೆ ಮುಗಿಯಿತು. ಅವಳ ತುಟಿ ಅಲುಗಿತು.

“ಧೂಳಪ್ಪ ಸರ್‌ಪಾಸಸ್ ಶಾಂತವ್ವ,” ಎಂದಳು ಫಕೀರವ್ವ. ರಾಗವಿರಲಿಲ್ಲ, ಮಾತು ಹುಡುಕಿ ಹುಡುಕಿ ಇಡುತ್ತಿದ್ದಳು. “ಧೂಳಪ್ಪ ಸರ್‌ಪಾಸಸ್ ಮೀ.” ತಡೆದಳು. ಶಾಂತವ್ವ ತಲೆ ಎತ್ತಿದಳು. ಫಕೀರವ್ವ ಕರಿಹಲಗೆಯನ್ನೂ ಸಾಹೇಬರನ್ನೂ ನೋಡಿ, “ಧೂಳಪ್ಪ ಸರ್‌ಪಾಸಸ್…”

“ಫಕೀರಾ, ಸಾಕವಾ!” ಮಾಸ್ತರು ಕೂಗಿದರು.

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಎಲ್ಲರ ಭುಜ ಮಾತ್ರ ಅಲುಗುತ್ತಿದ್ದವು.

ವಾಪಸು ಬರುವಾಗ ಸೊರಟೂರು ದಾಟಿತು. ಸಾಹೇಬರು ಹಿಂದಕ್ಕೆ ತಿರುಗಿ, “ಅಕ್ಕೋರ, ಆ ಮೂರನೇ ವಾಕ್ಯ ಪೂರಾ ಆಗಿದ್ರ ಯಾರ ಹೆಸರು ಬರ್ತಿತ್ತು?” ಎಂದರು.

“ನನಗೆಂಗ ಗೊತ್ತಾಗಬೇಕ್ರಿ?”

“ನನಗ ಗೊತ್ತೈತಿ,” ಎಂದರು. ರುಮಾಲಿನ ಕೆಳಗೆ ಅವರ ಮುಖ ನಗುತ್ತಿತ್ತೋ ಇಲ್ಲವೋ ಹೇಳಲಾರೆ.

ಹುಕುಂ ಬಂತು. ಇಬ್ಬರಿಗೂ ಜಾಗ. ಕೆಳಗೆ ಸಾಹೇಬರ ಅಕ್ಷರದಲ್ಲಿ ಒಂದು ಸಾಲು: ಇಬ್ಬರನ್ನೂ ದೂರ ದೂರ ಕೂಡ್ರಿಸತಕ್ಕದ್ದು, ನಿಗಾ ಇಡತಕ್ಕದ್ದು. ಚನ್ನಪ್ಪ ಮಾಸ್ತರ ನೌಕರಿ ಉಳಿಯಿತು, ಟಗರನ್ನು ಆವಾರದ ಹೊರಗೆ ಕಟ್ಟಬೇಕೆಂಬ ತಾಕೀತು ಹೋಯಿತು. ಗೋಡೆಗೆ ಹತ್ತಿಕೊಂಡೇ ಹೊರಗೆ ಕಟ್ಟಿದರೆಂದು ಕೇಳಿದೆ.

ನಾನೂ ನನ್ನ ಪಾಠ ಬದಲಿಸಿದೆ. ರಾಜರನ್ನು ಬಿಟ್ಟೆ. ಗದಗಿನ ನನ್ನ ಕ್ಲಾಸಿನಲ್ಲೂ ಧೂಳಪ್ಪನೇ ಎಲ್ಲರನ್ನೂ ಮೀರಿಸತೊಡಗಿದ. ಆದರೆ ರಾಗ ತೆಗೆದ ಮೇಲೆ ಉಳಿಯುವುದೇನು ಎಂಬ ಸಾಹೇಬರ ಸಂಶಯವನ್ನೂ ಇಟ್ಟುಕೊಂಡೆ, ಅದು ಒಳ್ಳೆಯ ಸಂಶಯ. ಕೊನೆಗೆ ಯಾವಾಗಲೂ ಒಂದು ವಾಕ್ಯ ಹೊಸದಾಗಿ ಕೇಳುತ್ತಿದ್ದೆ. ಹೊಸದಾಗಿ ಸೇರುವವರು ಇಷ್ಟು ನೆನಪಿಡಿ: ಮಕ್ಕಳ ಮೇಲೆ ಸಂಶಯಪಡುವ ಕೆಲಸ ತಪ್ಪುವುದಿಲ್ಲ, ಜೊತೆಗೆ ನೀವು ಹಲಗೆಯ ಮೇಲೆ ಬರೆಯುವ ಮಾತಿನ ಮೇಲೂ ಒಂದು ಕಣ್ಣಿಡಿ. ಯಾರನ್ನು ಕೆಳಗೆ ನಿಲ್ಲಿಸಿ ಅದು ಮೇಲೇರುತ್ತಿದೆ, ನೋಡಿಕೊಳ್ಳಿ.

ಏಕೀಕರಣವಾದ ವರ್ಷ ಶಾಲೆಯಲ್ಲಿ ಪೇಢೆ ಹಂಚಿದರು. ಹೊಸ ರಾಜ್ಯದ ಹೊಸ ಅಧಿಕಾರಿ ಬಂದರು, ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಫಕೀರವ್ವ, ಶಾಂತವ್ವ ಆಗ ಮೇಲಿನ ಕ್ಲಾಸಿನಲ್ಲಿದ್ದರು. ಹುಕುಂ ಬರೆದ ಪಾಟೀಲ ಸಾಹೇಬರು ವರ್ಗವಾಗಿ ಹೋಗಿದ್ದರೂ ನಾನು ಆ ಇಬ್ಬರನ್ನೂ ಇನ್ನೂ ದೂರ ದೂರವೇ ಕೂಡ್ರಿಸುತ್ತಿದ್ದೆ. ಹೊಸ ಅಧಿಕಾರಿ ಮಕ್ಕಳ ಊರು ಕೇಳಿದರು. ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ನಾಲ್ಕೂ ಕಡೆಯಿಂದ ದನಿ ಬಂತು.

“ಸಂತೋಷ,” ಎಂದರು ಅವರು. “ಈ ನಾಲ್ಕು ಊರಿನ ಮಕ್ಕಳಲ್ಲಿ ಯಾರು ಯಾರನ್ನು ಮೀರಿಸಿದ್ದೀರಿ, ಹೇಳಿ ನೋಡೋಣ?”

ನಾಲ್ಕು ಊರಿನವರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದರು. ಆಗ ಹಿಂದಿನ ಯಾವುದೋ ಬೆಂಚಿನಿಂದ, ಬಾಯಿ ಮುಚ್ಚಿಕೊಂಡೇ ಕೂಗಿದ ಹಾಗೆ, ಸಣ್ಣಗೆ ಕೇಳಿತು: “ಬ್ಯಾ…”

ಇಡೀ ಕ್ಲಾಸು ನಕ್ಕಿತು, ನಾಲ್ಕು ಊರೂ ಒಟ್ಟಿಗೆ. ಅಧಿಕಾರಿಗಳು ಏನೆಂದು ನನ್ನ ಮುಖ ನೋಡಿದರು. ನಾನು ಹಿಂದಿನ ಬೆಂಚುಗಳನ್ನು ನೋಡಿದೆ. ಫಕೀರವ್ವ ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು. ದೂರದ ಇನ್ನೊಂದು ಮೂಲೆಯಲ್ಲಿ ಶಾಂತವ್ವ ಕಿಟಕಿಯ ಹೊರಗೆ ಏನನ್ನೋ ಬಹಳ ಲಕ್ಷ್ಯಗೊಟ್ಟು ನೋಡುತ್ತಿದ್ದಳು.

ಇಬ್ಬರ ಮೇಲೂ ನನಗೆ ಸಂಶಯ. ಅದು ಇನ್ನೂ ಹೋಗಿಲ್ಲ.